ಐದನೆಯ ತಟ್ಟೆ

ಅಕ್ಟೋಬರ್ 9, ಮಂಗಳವಾರ

ಇಂದು ಮಧ್ಯಾಹ್ನ ಮೂರನೇ ಮೇಜಿನ ನೋಟರಿಯ ಬಟ್ಟಲಿನಲ್ಲಿ ನಮ್ಮದಲ್ಲದ ಒಂದು ತೊರ್ತೆಲ್ಲಿನೊ, ಹೂರಣ ಸುತ್ತಿದ ಹಿಟ್ಟಿನ ಉಂಗುರ, ತೇಲುತ್ತಿತ್ತು. ಅವರು ಗಮನಿಸಲಿಲ್ಲ. ಇಪ್ಪತ್ತು ವರ್ಷದಿಂದ ಹೊಗಳುತ್ತಾ ತಿನ್ನುತ್ತಿರುವವರಿಗೆ ಬಟ್ಟಲಿನೊಳಗೆ ಏನಿದೆ ಎಂದು ನೋಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಮಾತಾಡಿಸಲು ಹೋದವಳು ಅವರ ಚಮಚ ಕಿತ್ತುಕೊಂಡು ಅದನ್ನು ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡೆ. "ಏನ್ ಸಿನ್ಯೋರಾ, ಒಂದನ್ನೂ ಬಿಡಲ್ವಾ ನಮಗೆ?" ಎಂದು ನಕ್ಕರು. ನಗಲಿ.

ನನ್ನ ಅಡುಗೆಮನೆಯಲ್ಲಿ ಮಡಚುವವರು ಐದು ಜನ. ವಾಂದಾ ಕಿರುಬೆರಳಿಗೆ ಸುತ್ತುತ್ತಾಳೆ, ಅವಳದರ ನಡುವಿನ ತೂತು ಮೆಣಸಿನಕಾಳಿನಷ್ಟು. ಓರಿಯೆಲ್ಲಾ ಎಷ್ಟು ಬೈದರೂ ಉಗುರು ಕತ್ತರಿಸುವುದಿಲ್ಲ, ಒತ್ತಿದ ಕಡೆ ಗೀರು ಬಿದ್ದಿರುತ್ತದೆ. ದೀರ್ಚೆ ತೋರುಬೆರಳಿಗೆ ಸುತ್ತಿ ಎರಡು ಸಲ ಒತ್ತುತ್ತಾಳೆ. ನನ್ನ ಜೊತೆಗಿರುವ ಮೂವತ್ತೊಂದು ವರ್ಷವೂ ಎರಡೇ ಸಲ, ಮೂರನೆಯ ಸಲ ಒತ್ತಿದ್ದು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಸೇರಿದ ಮೊಲ್ದೋವಾದ ಲ್ಯೂಬಾ ಪರೀಕ್ಷೆ ಬರೆಯುವ ಹುಡುಗಿಯಂತೆ ತುದಿಗಳನ್ನು ಅಳೆದು ಜೋಡಿಸುತ್ತಾಳೆ. ಐದನೆಯದು ನನ್ನ ಕೈ. ನನಗೆ ಕಲಿಸಿದ ಅತ್ತೆ ಎಡಚಿ. ಆದ್ದರಿಂದ ನಾನು ಎಡತುದಿಯನ್ನು, ನಮ್ಮ ಮಾತಲ್ಲಿ ಎಡಬಾಲವನ್ನು, ಬಲಬಾಲದ ಮೇಲೆ ತಂದು ಒತ್ತುತ್ತೇನೆ. ಇಡೀ ಬೊಲೋನ್ಯಾದಲ್ಲಿ ಹಾಗೆ ಮಾಡುವವಳು ನಾನೊಬ್ಬಳೇ.

ಈ ಕೈಗಳನ್ನು ಗುರುತಿಸುವುದೇ ನನ್ನ ಹೆಸರು. ಹತ್ತೊಂಬತ್ತು ವರ್ಷದ ಹಿಂದೆ ಟಿವಿಯವರೊಬ್ಬರು ಊಟಕ್ಕೆ ಬಂದಿದ್ದರು. ಚೆಲ್ಲಿಹೋದ ಒಂದು ತಟ್ಟೆ ತೊರ್ತೆಲ್ಲಿನಿಯನ್ನು ನಾನು ಇದು ಇವಳದು, ಇದು ಅವಳದು ಎಂದು ಬೇರೆ ಮಾಡುತ್ತಿದ್ದುದನ್ನು ನೋಡಿದರು. ಆಮೇಲೆ ಭಾನುವಾರದ 'ಯಾರ ಕೈ?' ಕಾರ್ಯಕ್ರಮ, ಎರಡು ಪುಸ್ತಕ, ದೇಶಕ್ಕೆಲ್ಲ 'ದೆಲ್ಮಾ ಚಿಕ್ಕಮ್ಮ'. ಒಮ್ಮೆಯೂ ತಪ್ಪು ಹೇಳಿಲ್ಲ.

ಜೇಬಿನದನ್ನು ತೆಗೆದು ನೋಡಿದರೆ ಎರಡು ಬಾಲಗಳೂ ಬಿಸಿ ತಿಳಿಸಾರಿನಲ್ಲಿ ಬಿಚ್ಚಿಕೊಂಡು ಬಿದ್ದಿದ್ದವು. ನಮ್ಮ ಐವರಲ್ಲಿ ಯಾರದೂ ಬಿಚ್ಚುವುದಿಲ್ಲ. ಯಾರೋ ಹೊರಗಿನಿಂದ ತಂದು ಬೆರೆಸುತ್ತಿದ್ದಾರೆ. ಒಣಗಿಸಿ, ತಾರೀಕಿನ ಚೀಟಿ ಕಟ್ಟಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾರಿಗೂ ಹೇಳಿಲ್ಲ. ಅದಕ್ಕೇ ಈ ನೋಟುಬುಕ್ಕು.

ಅಕ್ಟೋಬರ್ 12, ಶುಕ್ರವಾರ

ಮೊದಲ ಅನುಮಾನ ಲ್ಯೂಬಾಳ ಮೇಲೆ. ಹೊಸಬಳು, ದೂರದವಳು, ಮಾತು ಕಡಿಮೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ದಿನ ಅವಳನ್ನೇ ನೋಡಿದೆ.

ನಮ್ಮ ಹಲಗೆಗೆ ಒಂದು ಕ್ರಮವಿದೆ. ಕಿಟಕಿಯ ಪಕ್ಕ ತಲೆಯ ಕಡೆ ನಾನು, ಎದುರಿಗೆ ದೀರ್ಚೆ. ಹೊಸಬರು ಕೊನೆಯ ಕುರ್ಚಿಯಲ್ಲಿ ಕೂತು, ಕತ್ತರಿಸಿದ ಹಿಟ್ಟಿನ ಚೌಕಗಳ ಮೇಲೆ ಹೂರಣ ಇಡಬೇಕು. ಅಷ್ಟೇ. ಮಡಚಲು ನಾನು ಹೇಳುವವರೆಗೆ ಕೈ ಹಾಕುವಂತಿಲ್ಲ. ಲ್ಯೂಬಾ ಆ ಕುರ್ಚಿಯಲ್ಲಿ ಮೂರು ವಾರ ಕೂತಳು. "ಕಡಲೆಕಾಳಿನಷ್ಟು ಅಂದೆ. ಇದೇನು, ಆಲೂಗಡ್ಡೆನಾ?" ಎಂದು ನಾನು ದಿನಕ್ಕೆ ಹತ್ತು ಸಲವಾದರೂ ಬೈದಿರಬೇಕು. ಒಮ್ಮೆಯೂ ಮುಖ ಊದಿಸಲಿಲ್ಲ.

ಇಂದು ಅವಳು ಮುಗಿಸಿದ ಇನ್ನೂರನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದೂ ಸಡಿಲವಿಲ್ಲ. ಅವಳಲ್ಲ. ಸ್ವಲ್ಪ ನಿರಾಸೆಯೇ ಆಯಿತು, ಸುಳ್ಳು ಏಕೆ ಬರೆಯಲಿ.

ಅಕ್ಟೋಬರ್ 18, ಗುರುವಾರ

ತಿಳಿಸಾರಿಗೆ ವಾಸನೆಯೇ ಇಲ್ಲ. ನಾಲ್ಕು ಗಂಟೆ ಕುದಿದ ಹುಂಜದ ಪಾತ್ರೆಯ ಮೇಲೆ ಮುಖ ಹಿಡಿದು ನಿಂತೆ. ಬಿಸಿನೀರಿನ ಹಬೆ, ಅಷ್ಟೇ. ಜಾಯಿಕಾಯಿ ತುರಿದೆ, ಅದೂ ಮರದ ಪುಡಿ.

ನೇರ ಮಾಂಸದಂಗಡಿಯ ಆಮೋಸ್‌ನ ಹತ್ತಿರ ಹೋದೆ. "ನನ್ನ ಹೆಸರು ಹೇಳ್ಕೊಂಡು ಊರಿಗೆಲ್ಲ ಮಾಂಸ ಮಾರ್ತೀಯ, ನನಗೆ ಮಾತ್ರ ಮುದಿ ಕೋಳಿ ಕಳಿಸ್ತೀಯ."

ಅವನು ಕತ್ತಿ ಕೆಳಗಿಟ್ಟ. "ಸಿನ್ಯೋರಾ, ಅದೇ ಹಟ್ಟಿ, ಅದೇ ಹುಂಜ, ಇಪ್ಪತ್ತೆರಡು ವರ್ಷದಿಂದ. ನಿಮಗೆ ನೆಗಡಿ ಆಗಿರ್ಬೇಕು."

ನೆಗಡಿಯಂತೆ. ವಾಪಸು ಬಂದರೆ ದೀರ್ಚೆ ಸಾರು ಚಪ್ಪರಿಸಿ "ತುಂಬ ಚೆನ್ನಾಗಿದೆ" ಎಂದಳು, ವಾಂದಾ ಕೂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಹೇಳಿದರು. ಆಮೋಸ್ ಇವರ ಕೈ ಬಿಸಿ ಮಾಡಿರಬಹುದೇ ಎಂದು ಒಂದು ಗಳಿಗೆ ಯೋಚಿಸಿದೆ. ಇರಲಿಕ್ಕಿಲ್ಲ. ಇದ್ದರೂ ಇರಬಹುದು.

ಡಬ್ಬಿಯಲ್ಲಿ ಈಗ ನಾಲ್ಕಿವೆ.

ಅಕ್ಟೋಬರ್ 27, ಶನಿವಾರ

ಮಿಲಾನಿನಿಂದ ಕಾರ್ಯಕ್ರಮದ ಗ್ರೆತಾ ಬಂದಿದ್ದಳು. ಮೂವತ್ತನಾಲ್ಕು ವರ್ಷ, ಕುತ್ತಿಗೆಗೆ ಮೂರು ಸುತ್ತು ಶಾಲು, ಊಟ ಅರ್ಧ ಬಿಡುವ ಜಾತಿ. ಡಿಸೆಂಬರ್ ಹದಿನಾರರಂದು, ಕ್ರಿಸ್ಮಸ್‌ಗೆ ಒಂಬತ್ತು ದಿನ ಮುಂಚಿನ ಭಾನುವಾರ, ನಮ್ಮ ಅಡುಗೆಮನೆಯಿಂದಲೇ ನೇರ ಪ್ರಸಾರವಂತೆ. ಅದು ಚೆನ್ನಾಗಿ ನಡೆದರೆ ಇನ್ನು ಮೂರು ವರ್ಷಕ್ಕೆ ಸಹಿ.

ಪರೀಕ್ಷೆಗೆಂದು ಕ್ಯಾಮೆರಾ ಇಟ್ಟು ಸ್ವಲ್ಪ ಮಾತಾಡಿಸಿದರು. "ಇನ್ನೂ ಸ್ವಲ್ಪ ಜೋರಾಗಿ, ಸಿನ್ಯೋರಾ." ಜೋರಾಗಿಯೇ ಮಾತಾಡಿದೆ. "ಇನ್ನೂ ಜೋರಾಗಿ." ಧ್ವನಿಯವನು ಕಿವಿಯ ಯಂತ್ರ ತೆಗೆದು ಅಲ್ಲಾಡಿಸಿ ನೋಡಿದ. ಆಮೇಲೆ ಗ್ರೆತಾ, "ಸ್ವಲ್ಪ ನಗ್ತೀರಾ? ಮೊದಲಿನ ಥರ," ಎಂದಳು. ನಾನು ನಗುತ್ತಲೇ ಇದ್ದೆ. ಅವಳು ಕಾಯುತ್ತಲೇ ಇದ್ದಳು.

ಇದೆಲ್ಲ ನನಗೆ ಹೊಸದಲ್ಲ. ಮೊದಲು ಧ್ವನಿ ಸಾಲದು ಎನ್ನುತ್ತಾರೆ, ಆಮೇಲೆ ಮುಖ ಸಾಲದು, ಆಮೇಲೆ ಯಾರೋ ಬಿಳಿ ಹಲ್ಲಿನ ಹುಡುಗನನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಅವನು ತೊರ್ತೆಲ್ಲಿನಿಗೆ ತಿಳಿಸಾರಿನ ಬದಲು ಕೆನೆ ಸುರಿಯುತ್ತಾನೆ. ನೋಡೋಣ.

ನವೆಂಬರ್ 2, ಶುಕ್ರವಾರ

ಸತ್ತವರ ದಿನ. ಮಗ ತಿಬೇರಿಯೊ ಜೊತೆ ಸ್ಮಶಾನಕ್ಕೆ ಹೋಗಿ ಗಂಡನಿಗೆ, ಅತ್ತೆಗೆ ಹೂವು ಇಟ್ಟು ಬಂದೆ.

ಹೊರಡುವಾಗ ನನ್ನ ಕೋಟಿನ ಗುಂಡಿ ಅವನೇ ಹಾಕಿದ. ಕೇಳದೆಯೇ. ಗುಂಡಿಯ ತೂತುಗಳು ಚಿಕ್ಕದಾಗಿವೆ, ಡ್ರೈಕ್ಲೀನಿಂಗ್‌ನವರು ಕುಗ್ಗಿಸಿದ್ದಾರೆ, ಅದಕ್ಕೆ ನನಗೆ ತಡವಾಗುತ್ತಿತ್ತು. ಕಾರಿನಲ್ಲಿ ಕೂತ ಮೇಲೆ ಹೇಳಿದ, "ಅಮ್ಮಾ, ಒಂದಿನ ಡಾಕ್ಟರ್ ಹತ್ರ ಹೋಗಿ ಬರೋಣ. ಸುಮ್ನೆ, ಒಂದ್ಸಲ."

"ಯಾಕೆ, ನಾನ್ ಸಾಯೋದು ಕಾಯ್ತಿದೀಯಾ?"

ಅವನು ಕಾರು ಹೊರಡಿಸಿದ. ಗಿರಾಕಿಗಳು ಕೂರುವ ಊಟದ ಕೋಣೆಯನ್ನು ಅವನೇ ನೋಡಿಕೊಳ್ಳುತ್ತಾನೆ, ಹದಿನೈದು ವರ್ಷದಿಂದ. ಅಡುಗೆಮನೆಯೂ ಬೇಕೆನಿಸಿರಬಹುದು. ವೈದ್ಯರ ಒಂದು ಕಾಗದವಿದ್ದರೆ ಸುಲಭ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಗ್ಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ನವೆಂಬರ್ 13, ಮಂಗಳವಾರ

ಸಿಕ್ಕಿತು.

ಬೆಣ್ಣೆ ತರಲು ತಣ್ಣನೆಯ ಕೋಣೆಗೆ ಹೋದೆ. ಕೆಳಗಿನ ಗೂಡಿನಲ್ಲಿ, ಬಟ್ಟೆ ಮುಚ್ಚಿ, ಹಿಂದಕ್ಕೆ ತಳ್ಳಿದ ಒಂದು ಹರಿವಾಣ. ಎತ್ತಿ ನೋಡಿದರೆ ಅರವತ್ತು ಎಪ್ಪತ್ತು ತೊರ್ತೆಲ್ಲಿನಿ. ಎಲ್ಲವೂ ಅದೇ ಪರಕೀಯ ಕೈ. ತೂತು ದೊಡ್ಡದು, ಕೊರಳು ಜೋತುಬಿದ್ದಿದೆ, ಒತ್ತಿದ ಗುರುತೇ ಸರಿಯಾಗಿಲ್ಲ. ಹಸಿಯಾಗಿದ್ದುದರಿಂದ ಬಾಲ ಬಿಚ್ಚಿರಲಿಲ್ಲ. ಮೊದಲ ಸಲ ಜೋಡಣೆ ಕಂಡಿತು.

ಎಡಬಾಲ ಮೇಲೆ.

ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟೆ. ಇದು ಕಾರ್ಖಾನೆಯ ಮಾಲಲ್ಲ. ಯಾರೋ ನನ್ನ ಕೈಯನ್ನು ಕದಿಯುತ್ತಿದ್ದಾರೆ. ಕೂತು, ನನ್ನಂತೆ ಮಡಚಲು ಅಭ್ಯಾಸ ಮಾಡುತ್ತಿದ್ದಾರೆ. ಇನ್ನೂ ಬಂದಿಲ್ಲ, ಕೆಟ್ಟದಾಗಿದೆ, ಆದರೆ ಎಡಬಾಲ ಮೇಲೆ ತರಬೇಕೆಂದು ಗೊತ್ತಾಗಿದೆ.

ಹೊರಗೆ ಬಂದರೆ ದೀರ್ಚೆ ಬಾಗಿಲಲ್ಲೇ ಇದ್ದಳು. ನನ್ನ ಕೈಯಲ್ಲಿ ಬೆಣ್ಣೆ ಇಲ್ಲದ್ದು ನೋಡಿದಳು. "ಏನ್ ಬೇಕಿತ್ತು ಸಿನ್ಯೋರಾ? ಕೂಗಿದ್ರೆ ನಾನೇ ತರ್ತಿದ್ನಲ್ಲ," ಎಂದಳು. ಮುಖ ಹಾಲಿನಂತೆ ಬಿಳುಚಿಕೊಂಡಿತ್ತು.

ನವೆಂಬರ್ 14, ಬುಧವಾರ

ಹರಿವಾಣ ಮಾಯವಾಗಿದೆ. ಮೂರನ್ನು ನಿನ್ನೆಯೇ ಜೇಬಿಗೆ ಹಾಕಿಕೊಂಡಿದ್ದು ಒಳ್ಳೆಯದಾಯಿತು.

ನವೆಂಬರ್ 23, ಶುಕ್ರವಾರ

ನಾನು ನಾಲ್ಕಕ್ಕೆ ಮಹಡಿಗೆ ಹೋಗಿ ಕಾಲು ಚಾಚುತ್ತೇನೆ, ಐದೂವರೆಗೆ ಇಳಿಯುತ್ತೇನೆ. ಈಚೆಗೆ ಎಡಗಾಲಿಗಿಂತ ಬಲಗಾಲು ಸೋಮಾರಿ. ಈ ಹೊತ್ತು ಎಲ್ಲರಿಗೂ ಗೊತ್ತು, ಕಳ್ಳರಿಗೂ. ಇಂದು ನಾಲ್ಕೂವರೆಗೇ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆ.

ಗಾಜಿನ ಬಾಗಿಲಿನಿಂದ ನೋಡಿದೆ. ದೀರ್ಚೆ ಒಬ್ಬಳೇ ಕೂತಿದ್ದಳು, ನನ್ನ ಕುರ್ಚಿಯಲ್ಲಿ, ಕಿಟಕಿಯ ಬೆಳಕಿಗೆ. ಮುಂದೆ ಒಂದು ಹರಿವಾಣ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಮಡಚುತ್ತಿದ್ದಳು. ಬಲಗಡೆಯದನ್ನು ಕೆಳಗಿಟ್ಟು ಎಡಬಾಲ ಮೇಲೆ ತಂದು ಒತ್ತುತ್ತಿದ್ದಳು. ಒಂದು ಸಲ. ಎರಡಲ್ಲ.

ನನ್ನ ಮದುವೆಯ ಸೀರೆ ಉಟ್ಟು ಯಾರೋ ಬೀದಿಯಲ್ಲಿ ಹೋಗುವುದನ್ನು ಕಂಡಂತಾಯಿತು ಎಂದು ಹಿಂದೆ ನಮ್ಮ ಟಿವಿಗೆ ಬಂದಿದ್ದ ಸೀರೆ ಉಡುವ ದೇಶದ ಹೆಂಗಸೊಬ್ಬಳು ಯಾವುದಕ್ಕೋ ಹೇಳಿದ್ದಳು. ಆಗ ನಕ್ಕಿದ್ದೆ. ಇಂದು ಅರ್ಥವಾಯಿತು.

ಮಹಡಿಗೆ ವಾಪಸು ಹೋದೆ. ಮೂವತ್ತೊಂದು ವರ್ಷ. ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ಅವಳ ಮಗಳು ನನ್ನ ಮನೆಯಲ್ಲೇ ಉಂಡು ಮಲಗುತ್ತಿದ್ದಳು. ಅತ್ತಿದ್ದು ಸಿಟ್ಟಿಗೆ, ಬೇರೆ ಯಾವುದಕ್ಕೂ ಅಲ್ಲ.

ಡಿಸೆಂಬರ್ 1, ಶನಿವಾರ

ಈಗ ಎಲ್ಲ ಒಂದಕ್ಕೊಂದು ಕೂಡಿಬರುತ್ತಿದೆ. ಎದುರು ಸಾಲಿನ ಛತ್ರಿ ಅಂಗಡಿ ಆಗಸ್ಟಿನಿಂದ ಖಾಲಿ. ದೀರ್ಚೆ ಹೋಗುತ್ತಾ ಬರುತ್ತಾ ಅದರ ಮುಂದೆ ನಿಲ್ಲುತ್ತಾಳೆ. ಇಂದು ಕೇಳಿಯೇಬಿಟ್ಟೆ, "ಏನು, ಅಂಗಡಿ ಇಡ್ತೀಯಾ?"

"ಅಯ್ಯೋ, ನಾನೆಲ್ಲಿ ಅಂಗಡಿ ಇಡ್ಲಿ ಸಿನ್ಯೋರಾ. ಮೊಣಕಾಲು ಹಿಡ್ಕೊಳ್ತದೆ, ಅಲ್ಲಿ ಮೆಟ್ಟಿಲಿದೆ, ಒಂದ್ನಿಮಿಷ ಕೂರ್ತೀನಿ."

ಮೊಣಕಾಲಂತೆ. ಸಾಮಾನಿನ ಪಟ್ಟಿ ಬರೆದು ಕೊಟ್ಟರೆ ಇನ್ನೊಂದು ಆಟ. ಓರಿಯೆಲ್ಲಾ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ದೀರ್ಚೆಗೆ ಕೊಟ್ಟಳು. "ಅಕ್ಷರ ತುಂಬ ಸಣ್ಣದಾಗಿದೆ ಸಿನ್ಯೋರಾ, ಇರುವೆ ಸಾಲಿದ್ದಂಗಿದೆ." ಅಕ್ಷರ ಯಾವಾಗಲೂ ಹೀಗೇ ಇತ್ತು. ಪೆನ್ನು ಬದಲಾಯಿಸಿದ್ದಾರೆ, ಮೊದಲಿನ ಪೆನ್ನು ಹರಿಯುತ್ತಿತ್ತು. ಈ ನೋಟುಬುಕ್ಕಿನ ಮೊದಲ ಪುಟ ತಿರುಗಿಸಿ ನೋಡಿದೆ. ಅಲ್ಲಿ ಒಂದು ಸಾಲಿಗೆ ಆರು ಪದ, ಈಗ ಹನ್ನೊಂದು. ಕಾಗದ ಉಳಿಯಿತು.

ತಿಬೇರಿಯೊಗೆ ಏನೂ ಹೇಳುವುದಿಲ್ಲ. ಅವನೂ ಅವರ ಜೊತೆ ಇದ್ದರೆ? ಹದಿನಾರರವರೆಗೆ ಬಾಯಿ ಬಿಡುವುದಿಲ್ಲ. ಅವತ್ತು ಎಲ್ಲರ ಮುಂದೆ.

ಡಿಸೆಂಬರ್ 16, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೇ ದೀಪ, ತಂತಿ, ಜನ. ಗ್ರೆತಾ ಮೊದಲು ನನ್ನ ಕೈಗಳ ಹತ್ತಿರದ ಚಿತ್ರ ಬೇಕೆಂದು ಮೂವತ್ತು ನಲವತ್ತು ಮಡಚಿಸಿದಳು. "ಆರಾಮಾಗಿ ಮಾಡಿ ಸಿನ್ಯೋರಾ, ಅವಸರ ಇಲ್ಲ," ಎಂದು ಎರಡು ಸಲ ಹೇಳಿದಳು. ಅವಸರ ನನಗೂ ಇರಲಿಲ್ಲ. ಆಮೇಲೆ ನನ್ನನ್ನು ಮಹಡಿಗೆ ಕಳಿಸಿದರು, ತಟ್ಟೆ ಜೋಡಿಸುವುದನ್ನು ನಾನು ನೋಡಬಾರದು.

ಹನ್ನೆರಡಕ್ಕೆ ಪ್ರಸಾರ. ಹಲಗೆಯ ಸುತ್ತ ನಾಲ್ವರೂ ಹೊಸ ಏಪ್ರನ್ ಕಟ್ಟಿ ಕೂತಿದ್ದರು. ಮುಂದೆ ಐದು ತಟ್ಟೆ, ಒಂದೊಂದರಲ್ಲಿ ಮೂರು. ಮೊದಲನೆಯದು ಓರಿಯೆಲ್ಲಾ, ಉಗುರಿನ ಬಗ್ಗೆ ಹೇಳಿದಾಗ ಎಲ್ಲರೂ ನಕ್ಕರು. ಎರಡನೆಯದು ಲ್ಯೂಬಾ. ಮೂರನೆಯದು ವಾಂದಾ. ನಾಲ್ಕನೆಯದು ದೀರ್ಚೆ, ಎರಡು ಸಲ ಒತ್ತಿದ್ದು. ಬೇಕೆಂದೇ ನಿಧಾನವಾಗಿ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ. ಐದನೆಯ ತಟ್ಟೆಯನ್ನೇ ನೋಡುತ್ತಿದ್ದಳು.

ಐದನೆಯದನ್ನು ಎತ್ತಿಕೊಂಡೆ. ದೊಡ್ಡ ತೂತು, ಜೋತ ಕೊರಳು, ಎಡಬಾಲ ಮೇಲೆ. ಕಳ್ಳಮಾಲು ತಾನಾಗಿಯೇ ನನ್ನ ಅಂಗೈಗೆ ಬಂದಿತ್ತು. ಬರೆದು ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತನ್ನೆಲ್ಲ ಹೇಳಿದೆ. "ಇದು ನನ್ನ ಕೈಯನ್ನ ಕದಿಯೋಕೆ ನೋಡಿದವಳ ಕೈ. ಎರಡು ತಿಂಗಳಿಂದ ನನ್ನ ಗಿರಾಕಿಗಳ ಬಟ್ಟಲಿಗೆ ಈ ಹೊಲಸು ಬೀಳ್ತಿದೆ. ಒತ್ತೋಕೆ ಬರಲ್ಲ, ಸುತ್ತೋಕೆ ಬರಲ್ಲ, ಆದ್ರೆ ದೆಲ್ಮಾ ಆಗ್ಬೇಕು. ಇದು ಯಾರ ಕೈ, ಅವಳೇ ಎದ್ದು ಹೇಳ್ಲಿ."

ಗ್ರೆತಾ ಕೈಯಲ್ಲಿದ್ದ ಉತ್ತರದ ಚೀಟಿ ನೋಡಿದಳು, ನನ್ನ ಮುಖ ನೋಡಿದಳು, ಬಾಯಿ ತೆರೆದಳು. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ತಿಬೇರಿಯೊ ಒಂದು ಹೆಜ್ಜೆ ಮುಂದೆ ಬಂದ.

ಅಷ್ಟರಲ್ಲಿ ದೀರ್ಚೆ ಎದ್ದು ನಿಂತಳು. "ನಂದು ಸಿನ್ಯೋರಾ. ನಾನೇ ಮಾಡಿದ್ದು."

ಗ್ರೆತಾ ಚೀಟಿಯನ್ನು ಮಡಚಿ ಶಾಲಿನೊಳಗೆ ಸೇರಿಸಿಕೊಂಡಳು.

"ಏಪ್ರನ್ ಬಿಚ್ಚು," ಎಂದೆ. ದೀರ್ಚೆ ಬಿಚ್ಚಿದಳು. ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಹಾಕಿದಂತೆ ಅಂಗೈಯಿಂದ ಸವರಿ, ಹಲಗೆಯ ಮೇಲಿಟ್ಟಳು. ಜೇಬಿನಿಂದ ಹಿಂಬಾಗಿಲ ಕೀಲಿ ತೆಗೆದು ಅದರ ಮೇಲಿಟ್ಟಳು. ಕೋಟು ಹಾಕಿಕೊಂಡು ಕ್ಯಾಮೆರಾಗಳ ಮುಂದೆಯೇ ಹೊರಗೆ ಹೋದಳು.

ಗೆದ್ದೆ. ಐದಕ್ಕೆ ಐದು.

ಡಿಸೆಂಬರ್ 17, ಸೋಮವಾರ

ರಜೆ. ಪತ್ರಿಕೆಗಳಲ್ಲೆಲ್ಲ ನಾನೇ. "ದೆಲ್ಮಾ ಚಿಕ್ಕಮ್ಮನ ಕಣ್ಣು ತಪ್ಪಿಸಲಾಗದು." ಗ್ರೆತಾ ಫೋನ್ ಮಾಡಲಿಲ್ಲ. ತಿಬೇರಿಯೊ ಊಟಕ್ಕೆ ಬರಲಿಲ್ಲ. ಅವನಿಗೂ ಈ ಒಳಸಂಚಿನಲ್ಲಿ ಪಾಲಿತ್ತು, ಅದಕ್ಕೆ ಮುಖ ತೋರಿಸಲು ನಾಚಿಕೆ.

ನಿದ್ದೆ ಚೆನ್ನಾಗಿ ಬಂತು ಎಂದು ಬರೆಯಬೇಕೆಂದಿದ್ದೆ. ಬರಲಿಲ್ಲ.

ಡಿಸೆಂಬರ್ 19, ಬುಧವಾರ

ನಿನ್ನೆ ನಾಲ್ಕು ಬಟ್ಟಲು ವಾಪಸು ಬಂದವು. ಇಂದು ಏಳು. ಎಲ್ಲದರಲ್ಲೂ ಬಿಚ್ಚಿದ ಹಿಟ್ಟು, ಸಾರಿನ ತುಂಬ ಹೂರಣದ ಚೂರು. ನೋಟರಿಯೂ ಬಟ್ಟಲು ಪಕ್ಕಕ್ಕೆ ಸರಿಸಿ ರೊಟ್ಟಿ ತಿಂದು ಹೋದರು, ಹೊಗಳಲಿಲ್ಲ.

ದೀರ್ಚೆ ಕೀಲಿ ಕೊಟ್ಟು ಹೋದಳಲ್ಲ, ಇನ್ನೊಂದು ಮಾಡಿಸಿಕೊಂಡಿರಬೇಕು. ಸೇಡಿಗೆ ಬಂದು ಬೆರೆಸಿ ಹೋಗುತ್ತಿದ್ದಾಳೆ. ಬೀಗ ಬದಲಾಯಿಸಲು ಹೇಳಿದೆ. "ಬೇಡಮ್ಮಾ," ಎಂದ ತಿಬೇರಿಯೊ. ಅಷ್ಟೇ ಹೇಳಿ ಹೊರಗೆ ಹೋದ.

ನಾನು ಮೂವರನ್ನೂ ನಿಲ್ಲಿಸಿ ಕೇಳಿದೆ. "ಅವಳನ್ನ ಒಳಗೆ ಬಿಟ್ಟವರು ಯಾರು?"

ವಾಂದಾ ಕೈ ಒರೆಸಿಕೊಂಡಳು. ನಲವತ್ತು ಸಲ ಒರೆಸಿರಬೇಕು. "ಯಾರೂ ಬಂದಿಲ್ಲ ಸಿನ್ಯೋರಾ. ಬರೋದು ನಿಂತಿದ್ದಕ್ಕೇ ಹಿಂಗಾಗಿರೋದು."

"ಅಂದ್ರೆ?"

"ದಿನಾ ನೀವು ಮೇಲೆ ಹೋದ್ಮೇಲೆ ದೀರ್ಚೆ ಕೂತು ಒಂದು ಹರಿವಾಣ ಬಿಚ್ಚಿ ಮತ್ತೆ ಮಾಡ್ತಿದ್ಲು. ಹಾಳಾಗಿದ್ದನ್ನ ಒಳಗೆ ಮುಚ್ಚಿಡ್ತಿದ್ಲು, ಸಂಜೆ ಮನೆಗೆ ತಗೊಂಡ್ಹೋಗ್ತಿದ್ಲು. ಅವಳ ಕಣ್ತಪ್ಪಿ ಒಂದೋ ಎರಡೋ ಬಟ್ಟಲಿಗೆ ಹೋಗಿದ್ದೇ ನೀವು ಹಿಡಿದಿದ್ದು."

"ಯಾರ ಹರಿವಾಣ?"

ವಾಂದಾ ಓರಿಯೆಲ್ಲಾಳನ್ನು ನೋಡಿದಳು. ಓರಿಯೆಲ್ಲಾ ನೆಲ ನೋಡಿದಳು. ಕೊನೆಗೆ ಲ್ಯೂಬಾ, ಮಾತೇ ಆಡದ ಲ್ಯೂಬಾ, ನನ್ನ ಕೈಗಳನ್ನು ನೋಡಿದಳು.

ಎಲ್ಲರನ್ನೂ ಮನೆಗೆ ಕಳಿಸಿದೆ. ಸುಳ್ಳುಗಾತಿಯರು.

ಡಿಸೆಂಬರ್ 20, ಗುರುವಾರ

ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮುಂಚೆ, ಡಬ್ಬಿಯನ್ನು ಹಲಗೆಯ ಮೇಲೆ ಸುರಿದೆ. ಹದಿನಾರು ಒಣಗಿದವು, ಚೀಟಿಗಳ ಸಮೇತ. ಅವುಗಳ ಜೊತೆ ಭಾನುವಾರದ ಐದನೆಯ ತಟ್ಟೆಯ ಮೂರು.

ದೀರ್ಚೆ ಸುಳ್ಳು ಹೇಳಿದ್ದಾಳೆ. ಇದನ್ನು ನಾನು ಭಾನುವಾರವೇ ಹೇಳಬೇಕಿತ್ತು. ನಾಲ್ಕನೆಯ ತಟ್ಟೆ ಅವಳದು ಎಂದು ನಾನೇ ಹೇಳಿದ್ದೆ. ಒಂದು ತಟ್ಟೆಯಲ್ಲಿ ಅಷ್ಟು ಗಟ್ಟಿಯಾಗಿ ಒತ್ತಿದವಳು ಇನ್ನೊಂದರಲ್ಲಿ ಹೀಗೆ ಒತ್ತಲಾರಳು. ನನ್ನಂತೆ ಮಡಚಿದರೂ ಅವಳು ಚೆನ್ನಾಗಿಯೇ ಮಡಚುತ್ತಾಳೆ, ಗಾಜಿನ ಬಾಗಿಲಿನಿಂದ ನನ್ನ ಕಣ್ಣಾರೆ ನೋಡಿದ್ದೇನೆ. ಮೂವತ್ತೊಂದು ವರ್ಷ ನೋಡಿದ ಕೈ. ಗುರುತಿಸುವುದೇ ನನ್ನ ಹೆಸರು ಎಂದು ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಹಿಟ್ಟು ಲಟ್ಟಿಸಿದೆ. ಹನ್ನೆರಡು ಚೌಕ ಕತ್ತರಿಸಿದೆ. ಹೂರಣ ಇಟ್ಟೆ, ತ್ರಿಕೋನ ಮಾಡಿದೆ, ಬೆರಳಿಗೆ ಸುತ್ತಿದೆ, ಎಡಬಾಲ ಮೇಲೆ ತಂದೆ. ಒತ್ತಿದೆ. ಒತ್ತಿದೆ ಅಂದುಕೊಂಡೆ. ಬಲಗೈ ಹೆಬ್ಬೆರಳು ಅಲ್ಲೇ ನಿಂತಿತ್ತು, ಹೇಳಿದ್ದನ್ನು ಕೇಳಿಸಿಕೊಳ್ಳದ ಕೆಲಸದವಳ ಹಾಗೆ. ಸಣ್ಣಗೆ ನಡುಗುತ್ತಿತ್ತು. ಎಷ್ಟು ದಿನದಿಂದ ನಡುಗುತ್ತಿದೆಯೋ, ನಾನು ಬೇರೆಯವರ ಕೈಗಳನ್ನೇ ನೋಡುತ್ತಿದ್ದೆ.

ಹನ್ನೆರಡನ್ನೂ ಹತ್ತೊಂಬತ್ತರ ಪಕ್ಕದಲ್ಲಿ ಇಟ್ಟೆ. ಬೇರೆ ಮಾಡಲು ಆಗಲಿಲ್ಲ. ಒಂದೇ ಕೈ.

ಹುಂಜ, ಪೆನ್ನು, ಗುಂಡಿ, ಧ್ವನಿಯವನ ಯಂತ್ರ. ಯಾವುದೂ ಕೆಟ್ಟಿರಲಿಲ್ಲ, ಕೆಟ್ಟದ್ದು ನನ್ನ ಮೈ. ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡು ಕೂತೆ. ತಿಬೇರಿಯೊ ಬಂದವನು ಹಲಗೆ ನೋಡಿ ಪಕ್ಕದಲ್ಲಿ ಕೂತ. "ಡಾಕ್ಟರ್‌ಗೆ ಹೇಳು," ಎಂದೆ. ನನಗೆ ತುಂಬ ಭಯವಾಗಿದೆ. ಭಯಕ್ಕಿಂತ ನಾಚಿಕೆ ಹೆಚ್ಚು.

ಡಿಸೆಂಬರ್ 24, ಸೋಮವಾರ

ದೀರ್ಚೆಯ ಮನೆ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಮೂವತ್ತೊಂದು ವರ್ಷದಲ್ಲಿ ಇದು ಎರಡನೆಯ ಸಲ ಹತ್ತಿದ್ದು. ಬೆಳಿಗ್ಗೆ ಹತ್ತು ಗಂಟೆ. ಪ್ರತಿ ಮಹಡಿಯಲ್ಲೂ ನಿಂತೆ. ಚೀಲದಲ್ಲಿ ಅವಳ ಏಪ್ರನ್, ಕೀಲಿ.

ಅವಳೇ ಬಾಗಿಲು ತೆರೆದಳು. ಕೈಯೆಲ್ಲ ಹಿಟ್ಟು. ಒಳಗೆ ಅಡುಗೆಮನೆಯಲ್ಲಿ ಅವಳ ತಂಗಿ, ಮಗಳು, ನಾಳೆಯ ಹಬ್ಬದ ತೊರ್ತೆಲ್ಲಿನಿ ಮಡಚುತ್ತಿದ್ದವರು ಮಾತು ನಿಲ್ಲಿಸಿದರು.

"ಏನಾಗ್ಬೇಕಿತ್ತು ಸಿನ್ಯೋರಾ?"

"ಸುಳ್ಳು ಯಾಕ್ ಹೇಳ್ದೆ?"

"ಇಡೀ ದೇಶ ನೋಡ್ತಿತ್ತು. ಆ ಹುಡುಗಿ ಚೀಟಿ ಓದೋಳಿದ್ಲು. ಇನ್ನೇನ್ ಹೇಳ್ಲಿ?"

"ಯಾವಾಗಿಂದ ಗೊತ್ತು ನಿಂಗೆ?"

"ಈಸ್ಟರ್ ಆದ್ಮೇಲಿಂದ."

"ನನಗ್ಯಾಕೆ ಹೇಳ್ಲಿಲ್ಲ?"

ಅವಳಿಗೆ ನಿಜವಾಗಿ ನಗು ಬಂತು. "ನಿಮಗೆ? ಹುಂಜಕ್ಕೆ ವಾಸನೆ ಇಲ್ಲ ಅಂತ ಆಮೋಸ್‌ನ ಹುರಿದು ತಿಂದ್ರಿ. ನಿಮಗೆ ಹೇಳೋದಾ?" ಆಮೇಲೆ ನಗು ಹೋಯಿತು. "ಕಳ್ಳಿ ಅಂದ್ರಿ. ನನ್ನ ಮಗಳು ಈ ಕುರ್ಚಿ ಮೇಲೆ ಕೂತು ನೋಡಿದ್ಲು. ರೊಟ್ಟಿ ಅಂಗಡಿಯವ್ನು ನಿನ್ನೆಯವರೆಗೂ ಮಾತಾಡ್ಸಿಲ್ಲ."

"ಅಂದೆ. ತಪ್ಪಾಯ್ತು, ದೀರ್ಚೆ." ಈ ಮಾತು ನನ್ನ ಬಾಯಿಂದ ಹೊರಗೆ ಬರುವಾಗ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಒಳಗಿದ್ದವರಿಗೂ ಕೇಳಿಸಿತು. "ಗ್ರೆತಾಗೆ ಫೋನ್ ಮಾಡಿದೀನಿ. ಜನವರಿ ಆರರ ಭಾನುವಾರ ಅದೇ ಟಿವಿಲಿ ಹೇಳ್ತೀನಿ. ಐದನೇ ತಟ್ಟೆ ನಂದು ಅಂತ. ನನ್ನ ಕೈನೇ ನನಗೆ ಗೊತ್ತಾಗ್ಲಿಲ್ಲ ಅಂತ."

"ಹೇಳಿದ್ರೆ ಆ ಕಾರ್ಯಕ್ರಮ ಮುಗೀತು."

"ಮುಗೀಲಿ."

ನಾನು ಏಪ್ರನ್ ಚಾಚಿದೆ, ಅವಳು ತೆಗೆದುಕೊಳ್ಳಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿತ್ತು, ಕೇಳಿದೆ. "ನನ್ನ ಥರ ಮಡಚೋದು ಯಾವಾಗ ಕಲ್ತೆ?"

"ಮೂವತ್ತೊಂದು ವರ್ಷ ಎದುರಿಗೆ ಕೂತಿದೀನಿ, ಕಲಿಯೋದೇನಿದೆ. ಎಡಬಾಲ ಮೇಲೆ ತರೋದೊಂದೇ ಕೈಗೆ ಬರ್ಲಿಲ್ಲ. ಎರಡು ವಾರ ಒದ್ದಾಡ್ದೆ." ಹಿಂದೆ ಸರಿದು ದಾರಿ ಬಿಟ್ಟಳು. "ಬನ್ನಿ ಒಳಗೆ. ಹಿಟ್ಟು ಒಣಗ್ತಿದೆ."

ಕಿಟಕಿಯ ಪಕ್ಕದ ಕುರ್ಚಿ ಅವಳದು, ಅವಳು ಹೋಗಿ ಕೂತಳು. ಎದುರಿಗೆ ತಂಗಿ, ಪಕ್ಕಕ್ಕೆ ಮಗಳು. ನಾನು ಕೋಟು ಹಾಕಿಕೊಂಡೇ ನಿಂತಿದ್ದೆ. ಮಗಳು ಎದ್ದು ಗುಂಡಿಗಳನ್ನು ಬಿಚ್ಚಿಕೊಟ್ಟಳು. ಬಿಚ್ಚಿಸಿಕೊಂಡೆ. ದೀರ್ಚೆ ಹಲಗೆಯ ಕೊನೆಯ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಿದಳು, ಹೂರಣದ ಬಟ್ಟಲನ್ನು ಆ ಕಡೆ ಸರಿಸಿದಳು.

ಚೀಲದಿಂದ ಅವಳ ಏಪ್ರನ್ ತೆಗೆದು ನಾನೇ ಕಟ್ಟಿಕೊಂಡು ಕೂತೆ. ಎಡಗೈಯಿಂದ ಒಂದೊಂದೇ ಚೌಕದ ಮೇಲೆ ಹೂರಣ ಇಡತೊಡಗಿದೆ. ನಾಲ್ಕನೆಯದೋ ಐದನೆಯದೋ ಇಡುವಾಗ ದೀರ್ಚೆ ತಲೆ ಎತ್ತದೆಯೇ ಹೇಳಿದಳು.

"ಜಾಸ್ತಿ ಆಯ್ತು, ದೆಲ್ಮಾ. ಕಡಲೆಕಾಳಿನಷ್ಟು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಕಡಿಮೆ ಮಾಡಿದೆ.